ಅಳಿಯಂದಿರ ಕೆಸರು

ನನ್ನ ಆಯುಷ್ಯದ ಹೆಚ್ಚಿನ ಪಾಲು ಹೊಲಸು ತೆಗೆಯುವುದರಲ್ಲೇ ಹೋಗಿದೆ. ನೆಲದ್ದು, ಪಾತ್ರೆಯದು, ಅಂಗಿಯ ಕೊರಳಪಟ್ಟಿಯದು, ಮಕ್ಕಳ ಮೂಗಿನದು. ಬೀದರ ಕಡೆಯ ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತದ್ದರಲ್ಲಿ ಇಂದಿಗೂ ನೆನಪಿರುವುದು ಮಗ್ಗಿಯಲ್ಲ, ದಿನಾ ಬೆಳಿಗ್ಗೆ ಮಾಸ್ತರರು ನಮ್ಮ ಉಗುರು ನೋಡುತ್ತಿದ್ದುದು. ಇಂಥವಳ ಮೇಲೆ, ಈ ವಯಸ್ಸಿನಲ್ಲಿ, ಹೊಲಸು ತೆಗೆದಳೆಂಬ ಅಪವಾದ ಬರುತ್ತದೆಂದು ನಾನು ನೆನೆಸಿರಲಿಲ್ಲ. ಬಂದಿದೆ. ಅದೂ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬಂದಿದೆ. ನಾಶಿಕದಿಂದ ನೀವು, ನನ್ನ ಸ್ವಂತ ಮೊಮ್ಮಕ್ಕಳು, ಅದಕ್ಕೆ ಕಣ್ಣೀರು ಸುರಿಸುತ್ತ ನಗುವ ಹಳದಿ ಮುಖಗಳನ್ನು ಸಾಲಾಗಿ ಹಚ್ಚಿದ್ದೀರಿ. ಎದುರೆದುರು ಜಗಳವಾಡುವುದು ನನ್ನಿಂದಾಗದು. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದಲು ಬಾರದವರಿಗೆ ನಿಮ್ಮಪ್ಪ ಓದಿ ಹೇಳಲಿ, ನಡುವೆ ತನ್ನದೇನೂ ಸೇರಿಸದೆ.

ಸಂಭಾಜಿನಗರದಲ್ಲಿ ನಾನಿರುವುದು ನಿಮ್ಮ ಸೋದರತ್ತೆ ಮಹಾದೇವಿಯ ಮನೆಯಲ್ಲಿ. ಅವಳ ಗಂಡ, ಅಂದರೆ ನನ್ನ ಅಳಿಯಂದಿರು, ಒಳ್ಳೆಯವರು. ಇದನ್ನು ಅವರ ಮುಖಕ್ಕೆ ಹೇಳಿಲ್ಲ, ಏಕೆಂದರೆ ಅವರ ಮುಖಕ್ಕೆ ನಾನು ಏನನ್ನೂ ಹೇಳುವವಳಲ್ಲ. ನಮ್ಮ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಈಗ ಎಲ್ಲರೂ ಆಡುತ್ತಾರಂತೆ. ನಾನು ಸಂಕೋಚದವಳು, ರೂಢಿ ಬಿಡಲಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ನಮ್ಮಿಬ್ಬರ ನಡುವೆ ಮಹಾದೇವಿಯೇ ಟಪಾಲಿನವಳು. ಎರಡು ಮಾರು ದೂರದಲ್ಲಿ ಕೂತು ಅವರು, "ಅತ್ತಿಯವ್ರು ಗುಳಿಗಿ ತಗೊಂಡಾರೇನು ಕೇಳು" ಅನ್ನುತ್ತಾರೆ. ನಾನು ಗೋಡೆ ನೋಡುತ್ತ, "ತಗೊಂಡೀನಂತ ಹೇಳವ್ವ" ಅನ್ನುತ್ತೇನೆ. ಮಹಾದೇವಿ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ, ಟಿವಿ ನೋಡುತ್ತಿರುತ್ತಾಳೆ. ಆದರೂ ಅವಳು ಅಲ್ಲಿರಬೇಕು.

ಅಳಿಯಂದಿರಿಗೆ ಒಂದು ಹುಚ್ಚಿದೆ. ಹಳೆಯ ಕಾಲದ ರೇಸ್ ಕಾರುಗಳನ್ನು ಗೇಣುದ್ದಕ್ಕೆ ಇಳಿಸಿ ಕಟ್ಟುತ್ತಾರೆ. ಬಿಡಿಭಾಗಗಳು ಡಬ್ಬಿಯಲ್ಲಿ ಬರುತ್ತವೆ, ಕೆಲವು ಸಾಸಿವೆಗಿಂತ ತುಸುವೇ ದೊಡ್ಡವು. ಅವನ್ನು ಚಿಮಟದಲ್ಲಿ ಹಿಡಿದು ಅಂಟಿಸಿ, ನಾಲ್ಕೇ ಕೂದಲಿನ ಕುಂಚದಿಂದ ಬಣ್ಣ ಹಚ್ಚುತ್ತಾರೆ. ಬಚ್ಚಲಿನ ಬಲ್ಬು ಬದಲಿಸಲು ಮಾತ್ರ ಅವರಿಗೆ ಪುರುಸೊತ್ತಿಲ್ಲ, ಆ ಮಾತು ಈಗ ಬೇಡ. ಈ ಸಲದ್ದು ಹಸಿರು ಕಾರು. ಬಾಗಿಲಿಲ್ಲ, ಮೇಲೆ ಛತ್ತಿಲ್ಲ, ಸೈಕಲ್ಲಿನಂಥ ಕಡ್ಡಿಗಳ ಚಕ್ರ, ಮುಚ್ಚಳ ಸಡಿಲಾದ ಡಬ್ಬಿಗೆ ನಾವು ದಾರ ಕಟ್ಟುವಂತೆ ಬಾನೆಟ್ಟಿನ ಮೇಲೊಂದು ಚರ್ಮದ ಪಟ್ಟಿ. ಹನ್ನೊಂದು ತಿಂಗಳು ಕೂತು ಮಾಡಿದ್ದರು. ದಸರೆಯಾದ ಮರುವಾರ ನಾಶಿಕದಲ್ಲಿ ಇಂಥ ಕಾರುಗಳ ಪ್ರದರ್ಶನವಿತ್ತು. ಮೊದಲ ಸಲ ತಮ್ಮ ಕೈಕೆಲಸವನ್ನು ನಾಲ್ಕು ಜನರೆದುರು ಇಡುವವರಿದ್ದರು.

ಅಷ್ಟರಲ್ಲಿ ಖಂಡೇನವಮಿ ಬಂತು. ಅಂದು ಮನೆಯ ಗಾಡಿಗಳನ್ನೆಲ್ಲ ತೊಳೆದು ಪೂಜೆ ಮಾಡಬೇಕು. ಮಹಾದೇವಿ ಹೂರಣದ ಬೇಳೆ ತೊಳೆಯುತ್ತ, "ಅವ್ವಾ, ಗಾಡಿ ಎಲ್ಲಾ ನೀನೇ ನೋಡ್ಕೊ" ಎಂದಳು. ಎಲ್ಲಾ ಎಂದಳು. ಇದನ್ನು ಯಾರೂ ಗುಂಪಿನಲ್ಲಿ ಹಾಕಲಿಲ್ಲ. ಕಾರು, ಸ್ಕೂಟರು ಮುಗಿಸಿ ಒಳಗೆ ಬಂದರೆ ಮೇಜಿನ ಮೇಲೆ ಈ ಬಡಪಾಯಿ. ಚಕ್ರಕ್ಕೆ ಕೆಸರು, ಮೈತುಂಬ ಧೂಳು, ಪಕ್ಕೆಯಲ್ಲಿ ಎಣ್ಣೆ ಸೋರಿದ ಕರೆ. ಇಷ್ಟು ಕಷ್ಟಪಟ್ಟು ಮಾಡಿದ್ದಾರೆ, ಮನೆಯಲ್ಲಿ ಒರೆಸುವವರಿಲ್ಲವಲ್ಲ ಎಂದು ನನಗೆ ಮಗಳ ಮೇಲೇ ಸಿಟ್ಟು ಬಂತು. ಅಂಟವಾಳದ ನೀರು, ನಿಮ್ಮ ಮುತ್ಯಾ, ನನ್ನ ಯಜಮಾನರು, ಬಿಟ್ಟುಹೋದ ಹಳೆ ಧೋತರದ ತುಂಡು, ಎಳೆಮಕ್ಕಳ ಹಲ್ಲುಜ್ಜುವ ಬ್ರಶ್ಶು. ಅರ್ಧ ಗಂಟೆಯಲ್ಲಿ ಥಳಥಳ. ಮುಂದುಗಡೆ ವಿಭೂತಿಯ ಮೂರು ಗೆರೆ ಎಳೆದು ಕುಂಕುಮ ಇಟ್ಟೆ. ಚಕ್ರದಡಿ ನಿಂಬೆಹಣ್ಣು ಇಡೋಣವೆಂದರೆ ಚಕ್ರಕ್ಕಿಂತ ಹಣ್ಣೇ ದೊಡ್ಡದು. ನಾಲ್ಕು ಹಸಿ ಬಟಾಣಿ ಇಟ್ಟು ಕೈಮುಗಿದೆ.

ಅಳಿಯಂದಿರು ಚೆಂಡುಹೂವು ತಗೊಂಡು ಬಂದರು. ನೋಡಿದರು. ಹೂವಿನ ಚೀಲ ಕೆಳಗಿಟ್ಟರು.

"ಮಹಾದೇವಿ, ಕೆಸರು ಎಲ್ಲಿ ಹೋತು ಕೇಳು."

"ಬಚ್ಚಲಕ್ಕ ಹೋತು ಅಂತ ಹೇಳವ್ವ."

"ಅದು ಎರಡು ತಿಂಗಳಿನ ಕೆಸರಂತ ಹೇಳು."

"ಎರಡು ತಿಂಗಳಿನ ಕೆಸರು ಮನ್ಯಾಗ ಯಾಕ ಇಟ್ಟಿದ್ರು ಕೇಳವ್ವ."

ಆಗ ತಿಳಿಯಿತು. ಆ ಹೊಲಸು ತಾನಾಗಿ ಹತ್ತಿದ್ದಲ್ಲ, ಅವರು ಬಣ್ಣದ ಪುಡಿ ಕಲಸಿ, ಕಣ್ಣು ಕಿರಿದು ಮಾಡಿ ಹಚ್ಚಿದ್ದು. ಆ ಕಾಲದ ರೇಸು ಕಚ್ಚಾ ರಸ್ತೆಯಲ್ಲಿ ನಡೆಯುತ್ತಿತ್ತಂತೆ. ಕೆಸರಿಲ್ಲದ ಕಾರು ಓಡಿದ ಕಾರಲ್ಲವಂತೆ, ಜಾತ್ರೆಯ ಆಟಿಕೆಯಂತೆ. ಹೊಲಸು ಹೋಗದಂತೆ ಮೇಲೊಂದು ಕೈ ವಾರ್ನಿಷ್ ಬಳಿಯುವುದಷ್ಟೇ ಬಾಕಿ ಇತ್ತಂತೆ. "ನಾಶಿಕಕ್ಕ ಹೋಗೂದಿಲ್ಲ ಅಂತ ಹೇಳು" ಎಂದು ಅವರು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡರು. ಮಹಾದೇವಿ ನನ್ನ ಕಡೆ ನೋಡಿ, "ಏನ್ ಮಾಡಿದೆವ್ವಾ ನೀ" ಎಂದಳು. ಹೂರಣ ಸೀದಿತ್ತು. ಅದೂ ನನ್ನ ಲೆಕ್ಕಕ್ಕೇ ಬಂತು.

ನೀವೇ ಹೇಳಿ. ಹೊಲಸನ್ನು ಕುಂಚದಿಂದ ಹಚ್ಚುತ್ತಾರೆಂದು ಯಾವ ಶಾಲೆಯಲ್ಲಿ ಕಲಿಸುತ್ತಾರೆ? ಹಚ್ಚುವುದಾದರೆ ಪಕ್ಕದಲ್ಲೊಂದು ಚೀಟಿ ಇಡಬೇಡವೇ? ಮರುದಿನ ಬನ್ನಿ ಕೊಡುವಾಗಲೂ ಅವರು, "ಅತ್ತಿಯವ್ರಿಗೆ ಕೊಡು" ಎಂದು ಎಲೆಗಳನ್ನು ಮಹಾದೇವಿಯ ಕೈಯಲ್ಲೇ ಇಟ್ಟರು. ನಾನು ಉಣ್ಣದೆ ಕೂತೆ. ಯಾರೂ ಗಮನಿಸದಿದ್ದುದರಿಂದ ಮೂರು ಗಂಟೆಗೆ ಉಂಡೆ.

ಸಿಟ್ಟಿನಲ್ಲೇ ಅವರ ಕೋಣೆ ಗುಡಿಸಲು ಹೋದೆ. ಗೋಡೆಗೆ ಒಂದು ಹಳೆಯ ಫೋಟೋ ಚುಚ್ಚಿದ್ದರು, ಅದೇ ಕಾರು, ರೇಸು ಮುಗಿದ ಮೇಲಿನದು. ಓಡಿಸಿದವನ ಮುಖವೆಲ್ಲ ಕಪ್ಪು, ಕನ್ನಡಕ ತೆಗೆದಲ್ಲಿ ಮಾತ್ರ ಕಣ್ಣ ಸುತ್ತ ಎರಡು ಬಿಳಿ ಬಳೆ. ಆ ಮುಖ ನನಗೆ ಗೊತ್ತಿತ್ತು. ನಿಮ್ಮ ಮುತ್ಯಾ ಬ್ಯಾಂಕಿನಲ್ಲಿದ್ದಾಗ ಇಲ್ಲಿಂದ ದಿನಾ ದೌಲತಾಬಾದ್ ದಾಟಿ ಖುಲ್ತಾಬಾದಿಗೆ ಮೋಟರ್ ಸೈಕಲ್ ಮೇಲೆ ಹೋಗಿ ಬರುತ್ತಿದ್ದರು, ಲಾರಿಗಳ ಹಿಂದೆ. ಸಂಜೆ ಬಾಗಿಲಲ್ಲಿ ನಿಂತರೆ ಹೀಗೇ ಎರಡು ಬಿಳಿ ಬಳೆ. ನಾನು ಬಿಸಿನೀರು ಇಟ್ಟು, ಅಂಗಿ ಉಜ್ಜಿ ಉಜ್ಜಿ ತೊಳೆದೆ, ಅಷ್ಟೂ ವರ್ಷ. ಒಂದು ಚಿಟಿಕೆ ಧೂಳನ್ನೂ ಉಳಿಸಿಕೊಳ್ಳಲಿಲ್ಲ.

ಮೇಜಿನ ಮೇಲೆ ಹಸಿರು ಕಾರು ಇತ್ತು. ಅಳಿಯಂದಿರು ಬೇಸರದಲ್ಲಿ ಮತ್ತೆ ಕೆಸರು ಹಚ್ಚತೊಡಗಿದ್ದರು. ನಾಲ್ಕೂ ಚಕ್ರಕ್ಕೆ ಒಂದೇ ಸಮ, ಅಂಚು ಕಟ್ಟಿದ ಹಾಗೆ. ಮೂವತ್ತು ವರ್ಷ ಕೆಸರು ತೊಳೆದವಳಿಗೆ ಅದು ಎಲ್ಲಿ ಕೂರುತ್ತದೆಂದು ಗೊತ್ತಿಲ್ಲವೇ? ಅವರು ಒಳಗೆ ಬಂದಾಗ ನನ್ನ ಬಾಯಿಂದ ತಾನಾಗಿ ಬಂತು: "ಕೆಸರು ಹಿಂಗ ಹತ್ತೂದಿಲ್ರಿ. ಹಿಂದಿನ ಗಾಲಿ ಮ್ಯಾಲೆ ಹಾರಿಸ್ತದ. ಎಣ್ಣಿ ಕೈ ಇಡೋ ಜಾಗಾದಾಗ ಇರ್ತದ."

ಅಳಿಯಂದಿರು ತಿರುಗಿ ಬಾಗಿಲ ಕಡೆ ನೋಡಿದರು, ಮಹಾದೇವಿ ನಿಂತಿದ್ದಾಳೇನೋ ಎಂದು. ಇರಲಿಲ್ಲ. ಕುಂಚವನ್ನು ನನ್ನ ಕಡೆ ಚಾಚಿದರು. "ನೀವೇ ತೋರಸ್ರಿ."

ನಾಲ್ಕು ಸಂಜೆ ಕೂತೆವು. ದೌಲತಾಬಾದ್ ದಾರಿಯ ಮಣ್ಣನ್ನು ಅವರೇ ಪೊಟ್ಟಣದಲ್ಲಿ ತಂದರು, ನಾನು ಮಲ್ಮಲ್ ಬಟ್ಟೆಯಲ್ಲಿ ಸೋಸಿದೆ. ದೇವರ ದೀಪದ ಕಾಡಿಗೆಯಿಂದ ಎಣ್ಣೆಯ ಕರೆ ಮಾಡಿದೆ. ಶಾವಿಗೆ ಹೊಸೆದ ಬೆರಳುಗಳು, ನಡುಗಲಿಲ್ಲ. ವಾರ್ನಿಷ್ ಅವರು ಬಳಿದರು.

ನಾಶಿಕದ ಪ್ರದರ್ಶನಕ್ಕೆ ಅಳಿಯಂದಿರು ನನ್ನನ್ನೂ ಕರೆದೊಯ್ದರು, ನೀವು ಕ್ಲಾಸಿದೆ ಎಂದು ಬರಲಿಲ್ಲ. ಹಾಗಾಗಿ ಮುಂದಿನದು ನಿಮಗೆ ಗೊತ್ತಿಲ್ಲ. ಭೂತಗನ್ನಡಿ ಹಿಡಿದ ಪರೀಕ್ಷಕರು ನಮ್ಮ ಕಾರಿನ ಮೇಲೆ ಬಹಳ ಹೊತ್ತು ಬಗ್ಗಿ, ಗಾಡಿ ಎಲ್ಲರದ್ದೂ ಚೆನ್ನಾಗಿದೆ, ಆದರೆ ಓಡಿ ಬಂದದ್ದು ಇದೊಂದೇ ಎಂದರು. ಎರಡನೆಯ ಬಹುಮಾನ. ಕಾಗದದ ಮೇಲೆ ಅಳಿಯಂದಿರ ಹೆಸರೊಂದೇ ಇದೆ, ಇರಲಿ. ಅವರು ನನ್ನ ಕಡೆ ಕೈ ಮಾಡಿ, ಕೆಸರು ನಮ್ಮ ಅತ್ತೆಯವರದು ಎಂದು ಮರಾಠಿಯಲ್ಲಿ ಹೇಳಿದಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಮುಚ್ಚಿಕೊಂಡೇ ಇರಬೇಕಿತ್ತು. ಜನ ಕರಗಿದ ಮೇಲೆ ನನ್ನ ವಯಸ್ಸಿನ ಹೆಂಗಸೊಬ್ಬಳು ಮೇಜುಗಳನ್ನು ಒರೆಸುತ್ತ ಬಂದಳು. ಹಸಿ ಬಟ್ಟೆ ಹಿಡಿದು ನಮ್ಮ ಕಾರಿನ ಮುಂದೆ ನಿಂತಳು. ಅವಳ ಮುಖದಲ್ಲಿ ಮರುಕವಿತ್ತು. ಅದು ಯಾವ ಮರುಕವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ, ಅಳಿಯನೆದುರು ಇಪ್ಪತ್ತೆರಡು ವರ್ಷ ಬಾಯಿ ಬಿಡದ ನಾನು, ಇಡೀ ಹಾಲಿಗೆ ಕೇಳುವಂತೆ, "ಏ ಬಾಯಿ, ಹಾತ ಲಾವೂ ನಕೋ," ಮುಟ್ಟಬೇಡ ಎಂದು ಮರಾಠಿಯಲ್ಲಿ ಕೂಗಿ ಅವಳ ಮಣಿಕಟ್ಟು ಹಿಡಿದುಬಿಟ್ಟೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಹೋ, ಘಾಣ ಆಹೇ ತೀ," ಅದು ಹೊಲಸು ಎಂದಳು, ಮಗುವಿಗೆ ತಿಳಿಸಿ ಹೇಳುವಂತೆ.

"ಹೌದವ್ವ, ಹೊಲಸೇ," ಎಂದೆ ಕನ್ನಡದಲ್ಲಿ. "ಆದ್ರ ನಾ ಹಚ್ಚಿದ್ದು."

ಅವಳಿಗೆ ತಿಳಿಯಲಿಲ್ಲ. ಅಳಿಯಂದಿರಿಗೆ ತಿಳಿಯಿತು. ಅವರು ಫೋನು ತೆಗೆದು ಏನೋ ಬರೆಯುತ್ತಿದ್ದರು. ಗುಂಪಿನಲ್ಲಿ ಮತ್ತೆ ಏನಾದರೂ ಬಂದಿದ್ದರೆ ನಂಬಬೇಡಿ, ಮೊದಲು ಇದನ್ನು ಓದಿ.