ಮಟ್ಟೆ ಸುಲಿದ ಕಾರು

ಹೊನ್ನವಳ್ಳಿಯ ಬಸವಕುಮಾರನಿಗೆ ಬದುಕಿನಲ್ಲಿ ಎರಡೇ ಆಸೆಗಳಿದ್ದವು. ಒಂದು, ಇಬ್ಬರೇ ಕೂರುವಂಥ ಕೆಂಪು ಸ್ಪೋರ್ಟ್ಸ್ ಕಾರು. ಇನ್ನೊಂದು, ಅದರ ಪಕ್ಕದ ಸೀಟಿನಲ್ಲಿ ಹೆಂಡತಿ ಗಿರಿಜಾಂಬಿಕಾ. ನಲವತ್ತೆಂಟನೆಯ ವಯಸ್ಸಿನಲ್ಲಿ ಮೊದಲನೆಯದು ಕೈಗೂಡಿತು. ಕೈಗೂಡಿದ ಹದಿನೈದನೆಯ ದಿನ ಎರಡನೆಯದು ಸೊಂಟ ಹಿಡಿದುಕೊಂಡು ಇಳಿದು ಮನೆಯೊಳಗೆ ಹೋಗಿಬಿಟ್ಟಿತು.

ಇಳಿದಳು ಎಂದು ಬರೆಯುವುದು ಸುಲಭ. ನೆಲದಿಂದ ಮೊಳದೆತ್ತರದಲ್ಲಿದ್ದ ಆ ಸೀಟಿನಿಂದ ಏಳುವುದೆಂದರೆ ಬಾವಿಯಿಂದ ತುಂಬಿದ ಕೊಡ ಎಳೆದಂತೆ. ಮೊದಲು ಒಂದು ಕೈ ಬಂತು, ಆಮೇಲೆ ಸೆರಗು, ಆಮೇಲೆ ತಿಪಟೂರಿನಿಂದ ಇಲ್ಲಿಯವರೆಗಿನ ಎಲ್ಲ ಹಂಪುಗಳ ಲೆಕ್ಕ ಬರೆದುಕೊಂಡಿದ್ದ ಮುಖ. ಹೊಸಿಲು ದಾಟುವ ಮೊದಲು ಅವಳು ತಿರುಗಿ ನಿಂತು ತಣ್ಣಗೆ ಹೇಳಿದಳು:

"ಇನ್ನು ಈ ಗಾಡಿ ಹತ್ತಲ್ಲ ಕಣ್ರೀ. ಮದುವೇಲಿ ನನ್ನನ್ನ ಕೊಬ್ಬರಿ ಲಾರಿಲಿ ಕರ್ಕೊಂಡು ಬಂದ್ರಲ್ಲ, ಅದೇ ಮೆತ್ತಗಿತ್ತು."

ಈ ಮಾತು ಬಸವಕುಮಾರನಿಗೆ ಚುಚ್ಚಿದ್ದಕ್ಕೆ ಕಾರಣವಿತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ ಹುಳಿಯಾರಿನಲ್ಲಿ ಮದುವೆ ಮುಗಿಸಿಕೊಂಡು ಬರುವಾಗ ಹೂವಿನ ಅಲಂಕಾರದ ಬಾಡಿಗೆ ಕಾರು ನಡುದಾರಿಯಲ್ಲಿ ಹೊಗೆಯುಗುಳಿ ನಿಂತಿತ್ತು. ತಿಪಟೂರಿನ ಮಂಡಿಗೆ ಹೊರಟಿದ್ದ ಕೊಬ್ಬರಿ ಲಾರಿಯೊಂದು ಕರುಣೆ ತೋರಿತು. ಮೂಟೆಗಳ ಮೇಲೆ ಮದುಮಕ್ಕಳು, ಅವರ ಸುತ್ತ ಹದಿನಾಲ್ಕು ಮಂದಿ ನೆಂಟರು. ಇಳಿಬಿಸಿಲು ತೆಂಗಿನ ಗರಿಗಳ ನಡುವೆ ಸಣ್ಣ ಸಣ್ಣ ಚೂರಾಗಿ ಬಿದ್ದು ಅವಳ ಬಳೆಗಳ ಮೇಲೆ ಕುಣಿಯುತ್ತಿತ್ತು. ಹದಿನಾಲ್ಕು ಮಂದಿಯ ನಡುವೆ ಅವಳ ಕೈ ಹಿಡಿಯಲಾಗದೆ ಬಸವಕುಮಾರ ಅವಳ ಕಿವಿಯಲ್ಲಿ ಮಾತು ಕೊಟ್ಟಿದ್ದ: ಒಂದಲ್ಲ ಒಂದು ದಿನ ಇಬ್ಬರೇ ಕೂರುವ ಕಾರಿನಲ್ಲಿ, ಮೂರನೆಯವರಿಗೆ ಜಾಗವೇ ಇಲ್ಲದಂಥ ಕಾರಿನಲ್ಲಿ, ಅವಳನ್ನು ತವರಿಗೆ ಕರೆದುಕೊಂಡು ಹೋಗುತ್ತೇನೆ ಎಂದು.

ಈಗ ಆ ದಿನ ಬಂದಿತ್ತು. ಮುಂದಿನ ಗುರುವಾರ ಹುಳಿಯಾರಿನಲ್ಲಿ ಗಿರಿಜಾಂಬಿಕಾಳ ಅಣ್ಣನ ಮಗಳು ಲಿಖಿತಾಳ ನಿಶ್ಚಿತಾರ್ಥ. ಆದರೆ ಗಿರಿಜಾಂಬಿಕಾ ಆಗಲೇ ತುರುವೇಕೆರೆಗೆ ಫೋನು ಮಾಡಿ, ತಂಗಿಯ ಗಂಡ ಕಲ್ಲೇಶನ ಏಳು ಸೀಟಿನ ಕಾರಿನಲ್ಲಿ ತನಗೂ ಅತ್ತೆಗೂ ಜಾಗ ಹಿಡಿಸಿಟ್ಟಿದ್ದಳು. (ಷಡ್ಡಕನ ಕಾರಿನ ಹಿಂದೆ ಒಬ್ಬನೇ ಕೆಂಪು ಕಾರಿನಲ್ಲಿ ಹೆಂಡತಿಯ ತವರಿಗೆ ಹೋಗಿ ಇಳಿಯುವ ಗಂಡಸಿನ ಪಾಡನ್ನು ಓದುಗರೇ ಊಹಿಸಿಕೊಳ್ಳಬೇಕು.)

ನಿಜ ಹೇಳಬೇಕೆಂದರೆ ತಪ್ಪು ಕಾರಿನದಲ್ಲ. ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟಿದ್ದ ಆ ಕಾರು ಮನೆಗೆ ಬಂದಾಗ ಅದಕ್ಕೆ ಹದಿನೇಳು ಇಂಚಿನ ಚಕ್ರಗಳಿದ್ದವು. ಮಂಡಿಯಲ್ಲಿ ಅದನ್ನು ಸುತ್ತು ಹಾಕಿ ನೋಡಿದ ಒಬ್ಬರು, ಎಲ್ಲಾ ಸರಿ, ಚಕ್ರ ಮಾತ್ರ ಸಣ್ಣದಾಯಿತು ಎಂದುಬಿಟ್ಟರು. ಬಸವಕುಮಾರ ಆ ರಾತ್ರಿ ಊಟ ಮಾಡಲಿಲ್ಲ. ಮರುದಿನವೇ ತಿಪಟೂರಿನ ಟೈರ್ ಅಂಗಡಿಯ ಶ್ರೀನಿವಾಸನ ಹತ್ತಿರ ಹೋಗಿ ಇಪ್ಪತ್ತು ಇಂಚಿನವನ್ನು ಹಾಕಿಸಿಕೊಂಡು ಬಂದ. ಒಂದೊಂದೂ ರಥದ ಗಾಲಿಯಂತೆ ಥಳಥಳ ಹೊಳೆಯುತ್ತಿತ್ತು. ಅದರ ಸುತ್ತ ಇದ್ದ ಟೈರು ಮಾತ್ರ ಬಳೆಯಷ್ಟು ತೆಳು. ದಾರಿಯಲ್ಲಿ ಬಿದ್ದಿದ್ದ ಬೀಡಿಯ ಮೇಲೆ ಹತ್ತಿದರೆ, ಅದು ಸೇದಿ ಬಿಸಾಡಿದ್ದೋ ಸೇದದೆ ಬಿದ್ದುಹೋದದ್ದೋ ಎಂದು ಸೀಟಿನಲ್ಲಿ ಕೂತವರಿಗೆ ತಿಳಿಯುತ್ತಿತ್ತು.

ಇದನ್ನು ಒಪ್ಪಿಕೊಳ್ಳುವುದು ಬಸವಕುಮಾರನ ಘನತೆಗೆ ತಕ್ಕದ್ದಾಗಿರಲಿಲ್ಲ. ಕಾರು ಹೂವಿನಂತೆ ಹೋಗುತ್ತದೆ, ಸವೆದಿರುವುದು ನಿನ್ನ ಸೊಂಟ ಎಂದು ಅವನು ಹೊಸಿಲಿನಿಂದಲೇ ವಾದಿಸಿದ. ಸೊಂಟ ಸರಿಯಾಗಿಯೇ ಇದೆ, ಸವೆದಿರುವುದು ಬೇರೇನೋ ಎಂದು ಅಡುಗೆಮನೆಯಿಂದ ಉತ್ತರ ಬಂತು. ಹೀಗೆ ಅರ್ಧ ಗಂಟೆ ನಡೆದ ಮೇಲೆ ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಿದ್ದ ಅವನ ತಾಯಿ ಹೊಂಬಾಳಮ್ಮ ಅಡಕತ್ತರಿ ಕೆಳಗಿಟ್ಟರು.

"ನಿಮ್ಮಿಬ್ರ ಬಾಯಿ ನಂಬಕ್ಕಾಗಲ್ಲ. ಕಾಯಿ ಕೇಳನ. ಕಾಯಿ ಸುಳ್ಳು ಹೇಳಲ್ಲ" ಎಂದರು.

ಆ ಸೀಮೆಯಲ್ಲಿ ತೆಂಗಿನಕಾಯಿಯನ್ನು ಹೊರಗಿನ ನಾರಿನ ಮಟ್ಟೆ ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ವರ್ಷ ಕಾಯುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಒಂದು ದಿನ ಚಿಪ್ಪಿನಿಂದ ತಾನೇ ಬಿಟ್ಟುಕೊಳ್ಳುತ್ತದೆ. ಆಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಗಡಗಡ ಎನ್ನುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಹೊಂಬಾಳಮ್ಮನ ಕಿವಿ ಈ ವಿಷಯದಲ್ಲಿ ಊರಿಗೇ ಪ್ರಮಾಣ. ಮೊಮ್ಮಕ್ಕಳು ಕೂಗಿದರೆ ಕೇಳಿಸದ ಆ ಕಿವಿಗೆ, ಕಾಯಿಯೊಳಗೆ ಕೊಬ್ಬರಿ ಮಗ್ಗುಲು ಬದಲಿಸಿದರೂ ಕೇಳಿಸುತ್ತಿತ್ತು.

ಪಂದ್ಯದ ಕರಾರು ಸರಳವಾಗಿತ್ತು. ಅಟ್ಟದಲ್ಲಿ ಎಂಟು ತಿಂಗಳು ಕಳೆದು ಇನ್ನೂ ಚಿಪ್ಪಿಗೆ ಗಟ್ಟಿಯಾಗಿ ಅಂಟಿಕೊಂಡಿರುವ ಐದು ಕಾಯಿಗಳನ್ನು ಪಕ್ಕದ ಸೀಟಿನಲ್ಲಿ ಕೂರಿಸುವುದು. ತಿಪಟೂರಿಗೆ ಹೋಗಿ ಬರುವುದು. ಕಾಯಿಗಳು ಹೋದ ಹಾಗೆಯೇ ಮೌನವಾಗಿ ಬಂದರೆ ಗಿರಿಜಾಂಬಿಕಾ ಗುರುವಾರ ಕೆಂಪು ಕಾರಿನಲ್ಲಿ ಕೂರಬೇಕು. ಒಂದು ಕಾಯಿ ಬಾಯಿ ಬಿಟ್ಟರೂ ಕಲ್ಲೇಶನ ಕಾರು.

ಬಸವಕುಮಾರ ಐದೂ ಕಾಯಿಗಳಿಗೆ ಸೀಟ್ ಬೆಲ್ಟ್ ಹಾಕಿ, ಹೆಂಡತಿಗೆ ಕೇಳಿಸುವಂತೆ ಅವಕ್ಕೆ ಶುಭ ಪ್ರಯಾಣ ಹೇಳಿ ಹೊರಟ. ವಾಪಸು ಬಂದಾಗ ಹೊಂಬಾಳಮ್ಮ ಒಂದೊಂದನ್ನೇ ಕಿವಿಗಿಟ್ಟುಕೊಂಡು ಅಲ್ಲಾಡಿಸಿದರು. ಮೊದಲನೆಯದು ಸುಮ್ಮನಿತ್ತು. ಎರಡನೆಯದು ಗಡಗಡ ಎಂದಿತು. ಮೂರನೆಯದನ್ನು ಅಲ್ಲಾಡಿಸುವ ಅಗತ್ಯವೇ ಇರಲಿಲ್ಲ.

"ಅಟ್ಟ ಮೂರು ತಿಂಗ್ಳಲ್ಲಿ ಮಾಡೋ ಕೆಲ್ಸವ ನಿನ್ ಗಾಡಿ ಒಂದೊತ್ನಲ್ಲಿ ಮಾಡೈತೆ ಕಣ್ಲಾ" ಎಂದರು ಹೊಂಬಾಳಮ್ಮ, ನಿಜವಾದ ಮೆಚ್ಚುಗೆಯಿಂದ.

ಸುದ್ದಿ ಊರಿಗೆ ಹಬ್ಬಲು ಸಂಜೆಯವರೆಗೂ ಬೇಕಾಗಲಿಲ್ಲ. ಪಕ್ಕದ ತೋಟದ ಸಣ್ಣತಿಮ್ಮಯ್ಯ ಒಂದು ಮೂಟೆ ಕಾಯಿ ಹೊತ್ತುಕೊಂಡು ಬಂದು ಗೇಟಿನ ಹತ್ತಿರ ಇಳಿಸಿ, ಈ ವಾರ ಕೊಬ್ಬರಿಗೆ ಒಳ್ಳೆಯ ರೇಟಿದೆ, ಕಾರು ಮತ್ತೆ ಯಾವಾಗ ಹೊರಡುತ್ತದೆ ಎಂದು ಬಹಳ ವಿನಯದಿಂದ ವಿಚಾರಿಸಿದ. ಅವನ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಅದೇ ಬಸವಕುಮಾರನಿಗೆ ಹೆಚ್ಚು ನೋವು ತಂದದ್ದು.

ಗಿರಿಜಾಂಬಿಕಾ ಗೆದ್ದವರು ತೋರುವ ಔದಾರ್ಯ ತೋರಿ, ಗುರುವಾರದೊಳಗೆ ಇನ್ನೊಂದು ಸಲ ಪ್ರಯತ್ನಿಸಬಹುದು ಎಂದಳು. ಬಸವಕುಮಾರ ಮೊದಲು ಅವಳ ತವರಿನಿಂದ ಬಂದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಸೀಟಿಗೆ ಹಾಸಿ ತಾನೇ ಕೂತು ನೋಡಿದ. ತಲೆ ಛಾವಣಿಗೆ ಬಡಿಯಿತು. ಮೆತ್ತಗೆ ಮೇಲೇರಿ ಗಟ್ಟಿಯಾಗಿ ಬಡಿಸಿಕೊಳ್ಳುವುದಷ್ಟೇ ಬಂದ ಲಾಭ. ಆಮೇಲೆ, ಟೈರು ಗಟ್ಟಿಯಾಗಿರುವುದು ಗಾಳಿ ಜಾಸ್ತಿಯಾಗಿ ಇರಬೇಕು ಎಂಬ ಮಹಾಜ್ಞಾನ ಹೊಳೆದು, ನಾಲ್ಕೂ ಚಕ್ರಗಳಿಂದ ಅರ್ಧ ಗಾಳಿ ಬಿಟ್ಟ. ಕಾರು ನಿಜಕ್ಕೂ ಮೆತ್ತಗಾಯಿತು, ಮೊದಲನೆಯ ಗುಂಡಿ ಬರುವವರೆಗೆ. ಗುಂಡಿಯಲ್ಲಿ ಆ ತೆಳು ಟೈರು ಪೂರ್ತಿ ಅದುಮಿಕೊಂಡು, ರಥದ ಗಾಲಿ ನೇರವಾಗಿ ಕಲ್ಲಿಗೆ ಹೊಡೆಯಿತು. ಒಂದು ರಿಮ್ಮು ಯಾರೋ ಕಚ್ಚಿದ ನಿಪ್ಪಟ್ಟಿನಂತಾಯಿತು.

ಆ ನಿಪ್ಪಟ್ಟಿನ ಮೇಲೆ ಕುಂಟುತ್ತಾ ಅವನು ಶ್ರೀನಿವಾಸನ ಅಂಗಡಿ ತಲುಪಿದ. ಶ್ರೀನಿವಾಸ ಹೆಚ್ಚು ಮಾತಿನವನಲ್ಲ. ರಿಮ್ಮನ್ನು ನೋಡಿದ, ಬಸವಕುಮಾರನನ್ನು ನೋಡಿದ, ಒಂದು ಸ್ಟೂಲು ಎಳೆದುಕೊಟ್ಟ. ಟೈರಿನ ಹೊರಗಿನ ಅಳತೆ ಹಳೆಯ ಚಕ್ರಕ್ಕೂ ಇದಕ್ಕೂ ಒಂದೇ, ಒಳಗಿನ ರಿಮ್ಮು ಎಷ್ಟು ದೊಡ್ಡದಾದರೆ ಸುತ್ತಲ ರಬ್ಬರಿಗೂ ಗಾಳಿಗೂ ಅಷ್ಟು ಜಾಗ ಕಡಿಮೆ ಎಂದು ವಿವರಿಸಿದ. ದೊಡ್ಡ ಚಕ್ರ ತೂಕವೂ ಜಾಸ್ತಿ, ಗುಂಡಿಯಲ್ಲಿ ಅದು ಎಗರಿದರೆ ಸ್ಪ್ರಿಂಗು ಹಿಡಿದು ನಿಲ್ಲಿಸುವುದು ಕಷ್ಟ. ಜೊತೆಗೆ ಬಸವಕುಮಾರ ಹಟ ಹಿಡಿದು ಹಾಕಿಸಿಕೊಂಡದ್ದು ರೇಸಿನವರು ಹಾಕುವ ಬಿರುಸು ಪಕ್ಕೆಯ ಟೈರು. ಅದು ನುಣುಪಾದ ರಸ್ತೆಯಲ್ಲಿ ತಿರುವಿಗೆ ಅಂಟಿಕೊಂಡು ಹೋಗಲಿಕ್ಕೆ ಸರಿ, ಹೊನ್ನವಳ್ಳಿಯಿಂದ ತಿಪಟೂರಿಗೆ ಅಲ್ಲ. ಬಸವಕುಮಾರ ತಲೆಯಾಡಿಸಿದರೂ ಕಣ್ಣು ಮಾತ್ರ ಆ ಹೊಳಪಿನ ಮೇಲೆಯೇ ಇತ್ತು. ಕೊನೆಗೆ ಶ್ರೀನಿವಾಸ ಕೇಳಿದ:

"ಅಣ್ಣಾ, ಅಷ್ಟೆತ್ತರದ ಮರದಿಂದ ಬಿದ್ರೂ ಕಾಯಿ ಯಾಕೆ ಒಡೆಯಲ್ಲ?"

"ಮಟ್ಟೆ ಇರ್ತದಲ್ಲ."

"ಅಷ್ಟೇ ಕಣಣ್ಣ. ನೀವು ಮಟ್ಟೆ ಸುಲಿದು ಗಾಡಿ ಓಡಿಸ್ತಾ ಇದೀರ."

ಹುಟ್ಟಿದಾಗಿನಿಂದ ತೆಂಗಿನ ಬುಡದಲ್ಲಿ ಬೆಳೆದ ಮನುಷ್ಯ ಇದಕ್ಕೆ ಎದುರಾಡುವಂತಿರಲಿಲ್ಲ. ಹದಿನೇಳು ಇಂಚಿನ ಹಳೆಯ ಚಕ್ರಗಳು ಅಂಗಡಿಯ ಹಿಂದಿನಿಂದ ಹೊರಬಂದವು. ಅವಕ್ಕೆ ದೂರದ ಓಡಾಟಕ್ಕೆಂದೇ ಮಾಡಿದ, ದಪ್ಪ ಪಕ್ಕೆಯ ಮೆದು ಟೈರುಗಳು ಬಂದವು. ದೊಡ್ಡ ಚಕ್ರಗಳನ್ನು ಅಂಗಡಿಯಲ್ಲೇ ಬಿಟ್ಟು ಬರುವಾಗ ಬಸವಕುಮಾರ ಎರಡು ಸಲ ತಿರುಗಿ ನೋಡಿದ. ಈಗ ಕಾರು ಮಗನ ಚಪ್ಪಲಿ ಮೆಟ್ಟಿಕೊಂಡು ಬಂದ ಪೈಲ್ವಾನನಂತೆ ಕಾಣುತ್ತಿತ್ತು. ಆದರೆ ಊರ ದಾರಿ ಹಿಡಿದ ಮೇಲೆ ಅವನಿಗೆ ಏನೋ ಆಯಿತು. ಹಂಪುಗಳು ಬಂದವು, ಹೋದವು. ಗುಂಡಿಗಳು ಮೆಲ್ಲಗೆ ನಿಟ್ಟುಸಿರಿಟ್ಟು ಹಿಂದೆ ಸರಿದವು. ಕಿಟಕಿಯಾಚೆ ತೋಟಗಳು ನೀರಿನಲ್ಲಿ ತೇಲುವಂತೆ ತೇಲಿದವು. ಕೊಬ್ಬರಿ ಲಾರಿಯ ಆ ಇಳಿಬಿಸಿಲು ನೆನಪಾಗಿ ಅವನು ಒಬ್ಬನೇ ನಕ್ಕ.

ಎರಡನೆಯ ಪಂದ್ಯಕ್ಕೆ ಐದು ಹೊಸ ಕಾಯಿಗಳು ಹೋಗಿ ಬಂದವು. ಹೊಂಬಾಳಮ್ಮ ಐದನ್ನೂ ಎಡಗಿವಿಗೆ ಹಿಡಿದರು, ಬಲಗಿವಿಗೆ ಹಿಡಿದರು. ಒಂದೂ ತುಟಿಪಿಟಕ್ ಅನ್ನಲಿಲ್ಲ. ಗಿರಿಜಾಂಬಿಕಾ ಸೋತ ಮುಖ ಮಾಡಲು ನೋಡಿದಳು, ಆಗಲಿಲ್ಲ. ಕೆನ್ನೆ ಕೆಂಪಾಗಿತ್ತು. ತುರುವೇಕೆರೆಗೆ ಫೋನು ಮಾಡಿ, ತನಗೆ ಹಿಡಿದಿಟ್ಟಿದ್ದ ಜಾಗ ಬೇಡ, ತಾನು ಇವರ ಜೊತೆ ಬರುತ್ತೇನೆ ಎಂದು ಹೇಳುವಾಗ ಅವಳ ದನಿ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಗಿತ್ತು. ಹೊಂಬಾಳಮ್ಮ ಮಾತ್ರ ಕೊನೆಯ ಕಾಯಿಯನ್ನು ಕೈಯಲ್ಲಿಟ್ಟುಕೊಂಡು ಆ ಸೀಟನ್ನೇ ನೋಡುತ್ತಿದ್ದರು. ಕಾಯಿಗೆ ನೋವು ಹೇಳಿಕೊಳ್ಳಲು ಬರುವುದಿಲ್ಲ, ತಾನೊಮ್ಮೆ ಕೂತು ನೋಡಿಯೇ ತೀರ್ಪು ಕೊಡಬೇಕು ಎಂದು ಅವರೇ ಕೂತು ಕೆರೆ ಏರಿಯವರೆಗೆ ಹೋಗಿ ಬಂದರು. ಬಂದವರು ಸೀಟನ್ನು ಎರಡು ಸಲ ತಟ್ಟಿ ಒಳಗೆ ಹೋದರು. ಅನುಮಾನ ಬರಬೇಕಾದದ್ದು ಆಗಲೇ. ಬಸವಕುಮಾರನಿಗೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ಗಿರಿಜಾಂಬಿಕಾ ಮಾವಿನ ಚಿಗುರಿನ ಬಣ್ಣದ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಹೊರಬಂದಳು. ಗೇಟಿನಾಚೆ ಕಲ್ಲೇಶನ ಕಾರು ಬಂದು ನಿಂತಿತ್ತು. ಇದೇ ಘಳಿಗೆಗಾಗಿ ಕಾದಿದ್ದ ಬಸವಕುಮಾರ, ಷಡ್ಡಕ ನೋಡುತ್ತಿದ್ದಾನೆ ಎಂಬುದನ್ನು ಖಾತ್ರಿ ಮಾಡಿಕೊಂಡು, ಕೆಂಪು ಕಾರಿನ ಬಾಗಿಲನ್ನು ಅಗಲವಾಗಿ ತೆರೆದ.

ಸೀಟಿನಲ್ಲಿ ಅವನ ತಾಯಿ ಕೂತಿದ್ದರು. ಬೆಲ್ಟು ಹಾಕಿಯಾಗಿತ್ತು. ಮಡಿಲಲ್ಲಿ ಎಲೆ ಅಡಿಕೆ ಚೀಲವಿತ್ತು.

"ಕಲ್ಲೇಶನ ಕಾರು ಹತ್ತೋದಂದ್ರೆ ಅಟ್ಟ ಹತ್ತಿದಂಗೆ, ನನ್ ಮಂಡಿ ಬಗ್ಗಲ್ಲ. ಇದು ಚಾಪೆ ಮ್ಯಾಲೆ ಕುಂತಂಗೈತೆ. ನಡಿಯಪ್ಪ, ಬಿಸ್ಲು ಏರ್ತೈತೆ" ಎಂದರು.

ಬಸವಕುಮಾರ ಹೆಂಡತಿಯನ್ನು ನೋಡಿದ. ಅವಳು ತೆಂಗಿನ ಮರದ ತುದಿ ನೋಡುತ್ತಿದ್ದಳು. ಭುಜ ಮಾತ್ರ ಕುಲುಕುತ್ತಿತ್ತು. ಮೂರನೆಯವರಿಗೆ ಜಾಗವೇ ಇಲ್ಲದಂಥ ಕಾರು ಬೇಕೆಂದು ಇಪ್ಪತ್ತೆರಡು ವರ್ಷ ಕಾದವನು ತಾನೇ ಅಲ್ಲವೇ?

ಆ ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದು ಕ್ರೂರವಾದೀತು. ಸ್ಪೀಡೋಮೀಟರಿನ ಮುಳ್ಳು ಮೂವತ್ತು ದಾಟಿದಾಗಲೆಲ್ಲ ತಾಯಿ "ಮೆಲ್ಲಗೆ" ಎಂದರು. ಮಟ್ಟೆ ತುಂಬಿದ ಟ್ರ್ಯಾಕ್ಟರು ಅವರನ್ನು ದಾಟಿತು. ಹೊಂಬಾಳಮ್ಮ ಎಲೆಗೆ ಸುಣ್ಣ ಸವರಲೆಂದು ನಿಲ್ಲಿಸಿದಾಗ ಕುರಿ ಮಂದೆಯೊಂದು ದಾಟಿತು. ಕಲ್ಲೇಶನ ಕಾರು ಎಲ್ಲಕ್ಕಿಂತ ಮೊದಲೇ ದಾಟಿತ್ತು. ಕಿಟಕಿಯಿಂದ ಬಳೆ ತುಂಬಿದ ಒಂದು ಕೈ ಹೊರಬಂದು ಬಹಳ ಹೊತ್ತು ಬೀಸಿತು. ಹುಳಿಯಾರಿನಲ್ಲಿ ಅವನು ಕನಸು ಕಂಡಂತೆಯೇ ಇಡೀ ನೆಂಟರ ಗುಂಪು ಕಾರಿನ ಸುತ್ತ ನೆರೆಯಿತು. ಹೊಂಬಾಳಮ್ಮನನ್ನು ಸೀಟಿನಿಂದ ಮೇಲೆತ್ತಲು ನಾಲ್ವರು ಬೇಕಾಯಿತು. ಕೂರಲು ಸುಖವಿದ್ದ ಸೀಟು ಏಳಲು ಬಿಡುತ್ತಿರಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಶುಕ್ರವಾರ ತಾಯಿಗೆ ಚಿಕ್ಕನಾಯಕನಹಳ್ಳಿಯ ತಂಗಿ ನೆನಪಾದಳು. ಶನಿವಾರ ತಿಪಟೂರಿನ ಕಣ್ಣಿನ ಡಾಕ್ಟರು. ಭಾನುವಾರ, ಮೂವತ್ತು ವರ್ಷದಿಂದ ಮಾತು ಬಿಟ್ಟಿದ್ದ ನಾದಿನಿಯೊಬ್ಬಳನ್ನು ಕ್ಷಮಿಸಿ ನೋಡಿಕೊಂಡು ಬರಲು ಹೊರಟರು. ಸೋಮವಾರ ಬಸವಕುಮಾರನಿಗೆ ಮಿಂಚಿನಂತೆ ಒಂದು ಉಪಾಯ ಹೊಳೆಯಿತು: ಹಳೆಯ ದೊಡ್ಡ ಚಕ್ರಗಳನ್ನೇ ಹಾಕಿಸಿಬಿಟ್ಟರೆ ತಾಯಿ ಒಂದೇ ದಿನಕ್ಕೆ ಇಳಿಯುತ್ತಾರೆ, ಇಳಿದ ಮೇಲೆ ಮತ್ತೆ ಸಣ್ಣ ಚಕ್ರ, ಗಿರಿಜಾಂಬಿಕಾ. ಅವನು ಹಾರಿಕೊಂಡು ಶ್ರೀನಿವಾಸನ ಅಂಗಡಿಗೆ ಹೋದ.

ಶ್ರೀನಿವಾಸ ಅಚ್ಚರಿಪಟ್ಟ. ಅವನ್ನು ಅಕ್ಕ ಆಗಲೇ ಲಗೇಜ್ ಆಟೋದಲ್ಲಿ ತರಿಸಿಕೊಂಡರಲ್ಲ ಎಂದ.

ಬಸವಕುಮಾರ ತೋಟಕ್ಕೆ ಓಡಿದಾಗ ಗಿರಿಜಾಂಬಿಕಾ ಹೊಸದಾಗಿ ನೆಟ್ಟ ತೆಂಗಿನ ಸಸಿಯೊಂದಕ್ಕೆ ನೀರು ಹಾಕುತ್ತಿದ್ದಳು. ಸಸಿಯ ನಾಲ್ಕು ಕಡೆಗೂ ಇಪ್ಪತ್ತು ಇಂಚಿನ ನಾಲ್ಕು ಚಕ್ರಗಳು, ಅರ್ಧ ಅಡಿ ಮಣ್ಣಿನಲ್ಲಿ ಹೂತು, ಕಾವಲು ನಿಂತಿದ್ದವು. ಕಚ್ಚಿದ ನಿಪ್ಪಟ್ಟು ದಾರಿಯ ಕಡೆಗಿತ್ತು. ಚಕ್ರದ ಕಡ್ಡಿಗಳ ನಡುವೆ ಸಂಜೆಯ ಬಿಸಿಲು ಚೂರು ಚೂರಾಗಿ ಬಿದ್ದು ಅವಳ ಬಳೆಗಳ ಮೇಲೆ ಕುಣಿಯುತ್ತಿತ್ತು.

"ಹಸು ಬಾಯಿ ಹಾಕ್ತಿತ್ತು ಕಣ್ರೀ. ನೋಡಿ, ಎಷ್ಟು ಗಟ್ಟಿಯಾಗಿ ನಿಂತವೆ."

ಅವನು ಬೇಲಿಗೊರಗಿ, ಹಾಗಾದರೆ ನಾವಿಬ್ಬರು ಹೋಗುವುದು ಯಾವಾಗ ಎಂದು ಕೇಳಿದ. ಅವಳು ಕೊಡದಲ್ಲಿ ಉಳಿದ ನೀರನ್ನು ಸಸಿಯ ಬುಡಕ್ಕೆ ಸುರಿದು, ಬೆರಳು ಮಡಿಚಿ ನಿಜವಾಗಿಯೂ ಲೆಕ್ಕ ಹಾಕಿದಳು.

"ಇದು ಕಾಯಿ ಬಿಡೋಕೆ ಏಳೆಂಟು ವರ್ಷ. ಆ ಕಾಯಿ ಅಟ್ಟದಲ್ಲಿ ಒಣಗೋಕೆ ಒಂದು ವರ್ಷ. ಅಷ್ಟೊತ್ತಿಗೆ ಅತ್ತೆ ನೋಡಬೇಕಾದ ನೆಂಟರೆಲ್ಲ ಮುಗೀಬಹುದು ಬಿಡಿ."

ಮನೆಯ ಕಡೆಯಿಂದ ಕಾರಿನ ಹಾರನ್ನು ಕೇಳಿಸಿತು. ಒಂದು ಸಲ, ಎರಡು ಸಲ, ಆಮೇಲೆ ಬಿಡದೆ. ಹಾರನ್ನು ಎಲ್ಲಿದೆ ಎಂಬುದನ್ನು ತಾಯಿ ಅವತ್ತು ಕಂಡುಹಿಡಿದಿದ್ದರು.

"ಬತ್ತೀನವ್ವ" ಎಂದು ಕೂಗಿ ಬಸವಕುಮಾರ ಓಡಿದ.