ಮಾವನ ಕಟ್ಟಿ

ನಮ್ಮ ಸೋದರಮಾವ ಒಂದು ಸಲಕ್ಕೆ ಒಬ್ಬರ ಜೊತೆಗೆ ಮಾತ್ರ ಮಾತು ಬಿಡುತ್ತಾರೆ. ಉಳಿದವರು ಪಾಳಿ ಹಚ್ಚಿ ಕಾಯಬೇಕು! ಸುಳ್ಳಲ್ಲ. ಹಾಲಿನವನ ಮೇಲೆ ಅವರಿಗೆ ಸಿಟ್ಟು ಬಂದಿದ್ದ ದಿನಗಳಲ್ಲಿ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದರೂ ನಗುನಗುತ್ತಲೇ ಉಂಡರು. "ನಿಂದು ಆಮ್ಯಾಲೆ ನೋಡ್ತೀನವ್ವ, ಮೊದಲು ಅವಂದು ಮುಗೀಲಿ" ಎಂದರು.

ಮನುಷ್ಯರ ಜೊತೆಗಷ್ಟೇ ಆಗಿದ್ದರೆ ನಡೆದೀತು. ಹೈದರಾಬಾದಿನ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದು ಹೆಣ್ಣುದನಿ ಪ್ರತಿ ಮಹಡಿಯ ವರದಿ ಒಪ್ಪಿಸುತ್ತದೆ. ಮಾವ ಅದಕ್ಕೂ "ಗೊತ್ತಾತು ಬಿಡವ್ವ" ಎಂದು ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದರು. ಒಂದು ದಿನ ಅದು ಐದನೆಯ ಮಹಡಿಯಲ್ಲಿ ಬಾಗಿಲು ತೆರೆದು ನಾಲ್ಕು ಎಂದಿತು. ಮುಗಿಯಿತು! "ಬಾಯಿ ತೆಗದರ ಸುಳ್ಳ ಹೇಳೂ ಲಿಫ್ಟಿನ ಸಹವಾಸ ನಂಗ ಬ್ಯಾಡ" ಎಂದು ಮೆಟ್ಟಿಲು ಹಿಡಿದರು. ಮೊಣಕಾಲು ನಡುವೆ ಬಂದು ರಾಜಿ ಮಾಡಿಸುವವರೆಗೆ ಇಬ್ಬರಿಗೂ ಮಾತಿರಲಿಲ್ಲ.

ಇಂಥವರನ್ನು ಮಕ್ಕಳ ಜೊತೆ ಕೂಡಿಸಿದರೆ ಏನಾದೀತು? ಹೋದ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಅದನ್ನೇ ಮಾಡಿದರು. ಭಾನುವಾರ ಸಂಜೆ ಕ್ಲಬ್ ಹೌಸಿನಲ್ಲಿ ಹಿರಿಯರೂ ಮಕ್ಕಳೂ ಸೇರಬೇಕು. ಹಿರಿಯರು ಕಥೆ ಹೇಳಿ ಆಟ ಕಲಿಸಬೇಕು, ಮಕ್ಕಳು ಅವರಿಗೆ ಮೊಬೈಲು ಕಲಿಸಬೇಕು. "ಎರಡು ತಲೆಮಾರುಗಳ ನಡುವೆ ಮಾತು ಬೆಳೆಯಲಿ" ಎಂದು ಕಾರ್ಯದರ್ಶಿಗಳು ಭಾಷಣ ಮಾಡಿದರು. ಎಲ್ಲವನ್ನೂ ನೋಡಿಕೊಳ್ಳುವ ಕೆಲಸ ನನ್ನ ಕೊರಳಿಗೆ ಬಿತ್ತು.

ಕಾರ್ಯಕ್ರಮಕ್ಕೊಂದು ಹೆಸರು ಬೇಕು ಎಂದಾಗ ಮಾವ ಎದ್ದು ನಿಂತು, "ಕಟ್ಟಿ ಅಂತ ಇಡ್ರಿ" ಎಂದರು. ನಮ್ಮ ರಾಯಚೂರು ಕಡೆ ಕಟ್ಟಿ ಎಂದರೆ ಮನೆಯ ಮುಂದೆಯೋ ಗುಡಿಯ ಮುಂದೆಯೋ ಇರುವ ಕಲ್ಲಿನ ಜಗಲಿ. ಹಿರಿಯರು ಅಲ್ಲಿ ಕುಳಿತು ಲೋಕದ ಮಾತನ್ನೆಲ್ಲ ಆಡುತ್ತಾರೆ. ಆದರೆ ಹೈದರಾಬಾದಿನ ಮಕ್ಕಳಿಗೆ ಕಟ್ಟಿ ಎಂದರೆ ಕಿರುಬೆರಳು ಚಾಚಿ, ಸ್ನೇಹ ಕಡಿದುಕೊಂಡು, ಮಾತು ಬಿಡುವುದು! ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಸರು ಅದೇ ಉಳಿಯಿತು. ಮಾತು ಬೆಳೆಸುವ ಕಾರ್ಯಕ್ರಮಕ್ಕೆ ಮಾತು ಬಿಡುವ ಹೆಸರು!

ಮಕ್ಕಳ ಅರ್ಥ ತಿಳಿದ ಮೇಲೆ ಮಾವನ ಸಂತೋಷ ಕೇಳಬೇಕೆ? ತಾವು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸಕ್ಕೆ ಇಲ್ಲೊಂದು ಹೆಸರೇ ಇದೆ, ನಿಯಮವೂ ಇದೆ! ನಿಯಮ ವಿವರಿಸಿದವಳು ಮೂರನೆಯ ಮಹಡಿಯ ಲಾಸ್ಯ. ವಯಸ್ಸು ಏಳು, ಮಾತು ತೆಲುಗು, ಹಿಂದಿ, ನಮ್ಮಿಂದ ಕಲಿತ ಕನ್ನಡ ಎಲ್ಲ ಕಲಸಿದ್ದು. ಮಾವ ಮಾತ್ರ ಎಲ್ಲರ ಜೊತೆಗೂ ರಾಯಚೂರು ಕನ್ನಡವನ್ನೇ ಆಡುತ್ತಾರೆ, ಮಕ್ಕಳು ಹೇಗೋ ಅರ್ಥ ಮಾಡಿಕೊಳ್ಳುತ್ತವೆ. ಕಟ್ಟಿಯಲ್ಲಿ ಯಾರು ಮೊದಲು ಮಾತಾಡುತ್ತಾರೋ ಅವರು ಸೋತಂತೆ, ಜಗಳದಲ್ಲಿ ತಪ್ಪು ತನ್ನದೇ ಎಂದು ಒಪ್ಪಿಕೊಂಡಂತೆ. ಮಾವ ಇದನ್ನು ಬಹಳ ಗಂಭೀರವಾಗಿ ಕೇಳಿಸಿಕೊಂಡರು.

ನಿಯಮ ಬಳಕೆಗೆ ಬರಲು ತಡವಾಗಲಿಲ್ಲ. ಮಾವ ಮಕ್ಕಳಿಗೆ ಚೌಕಾಬಾರ ಕಲಿಸುತ್ತಿದ್ದರು. ಲಾಸ್ಯಳ ಕೊನೆಯ ಕಾಯಿ ಇನ್ನೇನು ಹಣ್ಣಾಗಬೇಕು, ಅಷ್ಟರಲ್ಲಿ ಮಾವನ ಕಾಯಿ ತಾನಾಗಿಯೇ ಒಂದು ಮನೆ ಹೆಚ್ಚು ನಡೆದು ಅದನ್ನು ಹೊಡೆಯಿತು!

"ತಾತಾ ಚೀಟಿಂಗ್ ಕರ್ ರಹೇ! ಮೈ ದೇಖೀ!" ಮೋಸವನ್ನು ಕಣ್ಣಾರೆ ನೋಡಿದೆ ಎಂದು ಲಾಸ್ಯ ಚೀರಿದಳು.

"ನಾನಾ? ಸರಕಾರಿ ಸಾಲ್ಯಾಗ ಲೆಕ್ಕ ಕಲಿಸಿದ ಮಾಸ್ತರ ಒಂದು ಮನಿ ಕದೀತೀನೇನು?"

"ಕಟ್ಟಿ!" ಎಂದು ಅವಳು ಕಿರುಬೆರಳು ಚಾಚಿದಳು.

"ಕಟ್ಟಿ ಅಂದ್ರ ಕಟ್ಟಿ!" ಎಂದು ಮಾವನೂ ಚಾಚಿದರು.

ಅಲ್ಲಿಂದ ನಾನು ಅಂಚೆಯವಳಾದೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುವರು, ಜಗಳ ಮಾತ್ರ ನನ್ನ ಮೂಲಕ!

"ಆಂಟೀ, ತಾತನ ಮೀಸೆಗೆ ಚಟ್ನಿ ಹತ್ತಿದೆ ಅಂತ ಹೇಳಿ."

"ಆಕಿಗೆ ಹೇಳವ್ವ, ಅದು ರಾತ್ರಿ ಊಟಕ್ಕ ಇಟ್ಕೊಂಡಿದ್ದು ಅಂತ."

ನಾನು ಮನೆಗೆ ಬಂದ ಮೇಲೆ, "ಮಾವಾ, ಆಕಿ ಸಣ್ಣ ಹುಡುಗಿ ಅದಾಳ. ನೀವ ಒಂದು ಮಾತು ಆಡಿಬಿಡ್ರಿ" ಎಂದೆ.

"ಆಡಿದರ ನಾ ಕದ್ದೀನಿ ಅಂದಂಗಾತಲ್ಲ!"

ವಾರಗಳು ಕಳೆದವು. ಕಟ್ಟಿ ಮುರಿಯಲಿಲ್ಲ.

ಮೇ ತಿಂಗಳು ಬಂತು. ಕ್ಲಬ್ ಹೌಸಿನಲ್ಲಿ ತಗಡಿನ ದೊಡ್ಡ ಕೂಲರ್ ಇದೆ. ಅದಕ್ಕೆ ಪೈಪಿನಿಂದ ನೀರು ತುಂಬುವುದು ಮಾವನ ಹಕ್ಕು, ಬೇರೆಯವರು ಪೈಪು ಮುಟ್ಟಿದರೆ ಅವರ ಜೊತೆ ಮಾತು ಬಿಟ್ಟಾರು! ಆ ಸಂಜೆ ಯಾರ ಜೊತೆಗೋ ಹರಟುತ್ತಾ ನಿಂತರು. ನೀರು ತುಂಬಿ ನೆಲಕ್ಕೆಲ್ಲ ಚೆಲ್ಲಿತು. ಕೂಲರ್ ತಿರುಗುತ್ತಲೇ ಇತ್ತು. ಮಾವ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟಿದ್ದರು.

ಲಾಸ್ಯ ಓಡಿ ಬಂದು ನನ್ನ ದುಪಟ್ಟಾ ಎಳೆದಳು.

"ಆಂಟೀ, ತಾತನಿಗೆ ಹೇಳಿ, ಕೂಲರ್ ಕಚ್ಚುತ್ತೆ."

ನಾನು ಮಾಮೂಲಿನಂತೆ ಸುದ್ದಿ ಮುಟ್ಟಿಸಿದೆ. "ಮಾವಾ, ಕೂಲರ್ ಕಚ್ಚತೈತಂತ."

"ಆಕಿಗೆ ಹೇಳವ್ವ, ನನ್ನ ಹಲ್ಲಂತೂ ಬಿದ್ದಾವು, ಕೂಲರಿಗರ ಇರಲಿ ಬಿಡು ಅಂತ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾವ ಕೂಲರಿನ ಮುಚ್ಚಳ ಸರಿಪಡಿಸಲು ಕೈ ಚಾಚಿದರು.

ಆ ಕೈಯನ್ನು ನಾನು ಇವತ್ತಿಗೂ ನೋಡುತ್ತಿದ್ದೇನೆ. ಪಾತ್ರೆ ತೊಳೆಯುವಾಗ ನೋಡುತ್ತೇನೆ, ಆಫೀಸಿನ ಮೀಟಿಂಗಿನಲ್ಲಿ ನೋಡುತ್ತೇನೆ. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. ತಗಡಿಗೂ ಬೆರಳಿಗೂ ನಡುವೆ ಒಂದು ಗೇಣೂ ಇಲ್ಲ. ನಾನು ನಗುತ್ತಿದ್ದೇನೆ. ಎಷ್ಟು ಸಲ ನೋಡಿದರೂ ಅಲ್ಲಿ ನಾನು ನಗುತ್ತಲೇ ಇರುತ್ತೇನೆ.

"ತಾತಾ! ಮುಟ್ಟೊದ್ದು!"

ಮುಟ್ಟಬೇಡ ಎಂದು ತೆಲುಗಿನಲ್ಲಿ ಕೂಗಿದವಳು ಲಾಸ್ಯ. ನನಗಲ್ಲ, ನೇರವಾಗಿ ಅವರಿಗೇ ಕೂಗಿದ್ದಳು. ಮಾವನ ಕೈ ಗಾಳಿಯಲ್ಲೇ ನಿಂತಿತು. ಕೂಗಿಗೆ ನಿಂತಿತೋ, ಅವಳು ಮಾತಾಡಿಬಿಟ್ಟಳಲ್ಲ ಎಂಬ ಬೆರಗಿಗೆ ನಿಂತಿತೋ ದೇವರಿಗೇ ಗೊತ್ತು! ಗೆದ್ದವರಂತೆ ಗರ್ರನೆ ತಿರುಗಿದರು. "ಸೋತಿ!" ಎನ್ನಲು ಬಾಯಿ ತೆರೆದವರು ಅವಳ ಮುಖ ನೋಡಿ ಹಾಗೇ ಮುಚ್ಚಿದರು.

ವಾಚ್‌ಮನ್ ಓಡಿ ಬಂದು ಮೇನ್ ಆರಿಸಿದ. ಎಲೆಕ್ಟ್ರಿಷಿಯನ್ ಬಂದು ಕೂಲರ್ ಬಿಚ್ಚಿದ. ಒಳಗೆ ವೈರಿನ ಹೊದಿಕೆ ಸವೆದು, ತಾಮ್ರ ತಗಡಿಗೆ ತಾಗಿಕೊಂಡಿತ್ತು. ಸ್ವಲ್ಪ ಹೊತ್ತಿನ ಮುಂಚೆ, ನೆಲ ಒಣಗಿದ್ದಾಗ, ಲಾಸ್ಯ ಅದನ್ನು ಮುಟ್ಟಿದ್ದಳಂತೆ. ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದುದರಿಂದ ಬೆರಳು ಜುಮ್ಮೆಂದಿತ್ತು, ಅಷ್ಟೇ. ಎಲೆಕ್ಟ್ರಿಷಿಯನ್ ಮಾವನ ಬರಿಗಾಲು ನೋಡಿದ, ನೆಲದ ನೀರು ನೋಡಿದ. "ಬಚ್ ಗಯೇ ಚಾಚಾ", ಬದುಕಿಕೊಂಡಿರಿ, ಎಂದಷ್ಟೇ ಹೇಳಿದ.

ನಾನು ಬೆಂಚಿನ ಮೇಲೆ ಕುಳಿತೆ. ಆಗ ಲಾಸ್ಯ ಅಳತೊಡಗಿದಳು. ಹೆದರಿಕೊಂಡಿದ್ದಾಳೆಂದು ಅಪ್ಪಿಕೊಳ್ಳಲು ಹೋದರೆ ನನ್ನ ಕೈ ತಳ್ಳಿದಳು.

"ನಾನು ಮೊದಲು ಮಾತಾಡಿಬಿಟ್ಟೆ ಆಂಟೀ" ಎಂದು ಬಿಕ್ಕಿದಳು. "ಈಗ ನಾನೇ ಸುಳ್ಳು ಹೇಳಿದ ಹಾಗಾಯ್ತು."

ಮಾವ ಗೋಡೆ ಹಿಡಿದುಕೊಂಡು ಒಣನೆಲಕ್ಕೆ ಬಂದರು. ಮೊಣಕಾಲು ಮಡಚಲಾರದವರು ಹೇಗೋ ಮಡಚಿ ಅವಳ ಎದುರಿಗೆ ನೆಲದ ಮೇಲೆಯೇ ಕುಳಿತರು. ಈಗ "ಆಕಿಗೆ ಹೇಳವ್ವ" ಎನ್ನುತ್ತಾರೆಂದು ನಾನು ಕಾದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ಕಾಯಿ ನಾನ ಸರಿಸಿದ್ನವ್ವ" ಎಂದರು. "ಈ ಬೆರಳಿಲೆ. ನೀ ನೋಡಿದ್ದು ಖರೆ ಐತಿ."

ಲಾಸ್ಯ ಅಳು ನಿಲ್ಲಿಸಿ ಅವರ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅದು ಇನ್ನೂ ಒದ್ದೆಯಾಗಿತ್ತು. ಅವಳು ತನ್ನ ಫ್ರಾಕಿನ ಅಂಚು ಹಿಡಿದು ಬೆರಳುಗಳನ್ನು ಒಂದೊಂದಾಗಿ, ಉಗುರಿನ ಸಂದಿಯನ್ನೂ ಬಿಡದೆ, ಒರೆಸಿ ಒಣಗಿಸಿದಳು.