ಗಿರಣಿಯ ಐದು ಮಂದಿ

ಆ ಮುಂಜಾನೆ ಯಾಕೂಬಸಾಬ ಐದು ಸಲಾಮು ಮಾಡಬೇಕಾದವನು ನಾಲ್ಕೇ ಮಾಡಿದ. ಅಷ್ಟಕ್ಕೇ ಇಷ್ಟೆಲ್ಲ ಆಯಿತು.

ಹೂವಿನ ಹಿಪ್ಪರಗಿಗೆ ಆಗಿನ್ನೂ ಕರೆಂಟಿನ ಕಂಬ ಬಂದಿರಲಿಲ್ಲ. ಧೂಳಪ್ಪನವರು ಎಣ್ಣೆ ಇಂಜಿನ್ ತರಿಸಿ ಹಿಟ್ಟಿನ ಗಿರಣಿ ಹಾಕಿ ಎರಡು ವರ್ಷವಾಗಿತ್ತು. ಅದನ್ನು ನಡೆಸುವವನು ಯಾಕೂಬಸಾಬ. ಮೈತುಂಬ ಹಿಟ್ಟು ಮೆತ್ತಿಕೊಂಡು, ಹುರಿಯಲು ಸಿದ್ಧಮಾಡಿಟ್ಟ ಮೀನಿನಂತೆ ಕಾಣುವ ಬಡಕಲು ಮನುಷ್ಯ. ಅವನಿಗೆ ಕೆಲಸ ಕಲಿಸಿದ ಉಸ್ತಾದ ಕಾಸಿಂಸಾಬ ಸಾಯುವ ಮೊದಲು ಹತ್ತಿರ ಕರೆದು ಹೇಳಿದ್ದ:

"ಇದು ಬರೇ ಕಬ್ಬಿಣ ಅಂತ ತಿಳಿಬ್ಯಾಡಪಾ. ಇದರಾಗ ಕಣ್ಣಿಗಿ ಕಾಣದ ಐದು ಮಂದಿ ಅದಾರ. ನೀರಿನ ಟಾಕ್ಯಾಗ ಅಜ್ಜ, ಗಾಲ್ಯಾಗ ಮಾಮಾ, ಹೊಗಿ ಕೊಳವ್ಯಾಗ ಚಾಚಾ, ಬೀಸೋ ಕಲ್ಲಿನ್ಯಾಗ ಆಯಿ, ಪಟ್ಟಾದಾಗ ಭಾಬಿ. ದಿನಾ ಮುಂಜಾನೆ ಒಬ್ಬೊಬ್ಬರನ್ನೂ ಮುಟ್ಟಿ ಮಾತಾಡ್ಸು. ನಿನ್ನ ಪಾಲಿನ ಕೆಲಸಾ ನೀ ಮೊದಲ ಮುಗಸು, ಆಮ್ಯಾಲೆ ಅವರನ್ನ ಕರಿ. ಕೈ ಬಿಡೂದಿಲ್ಲ."

ಯಾಕೂಬಸಾಬ ಎರಡು ವರ್ಷ ಒಂದು ದಿನವೂ ಈ ಸಲಾಮು ತಪ್ಪಿಸಿರಲಿಲ್ಲ. ಮುಟ್ಟಿ ಮಾತಾಡಿಸುವಾಗ ಟಾಕಿಯಲ್ಲಿ ನೀರೆಷ್ಟಿದೆ, ಗಾಲಿ ಎಲ್ಲಿ ಬಿಸಿಯಾಗಿದೆ, ಕಲ್ಲನ್ನು ತಿರುಗಿಸುವ ಚರ್ಮದ ಪಟ್ಟಾ ಎಲ್ಲಿ ಸಡಿಲಾಗಿದೆ ಎಂದು ಕೈಗೆ ತಿಳಿದುಬಿಡುತ್ತಿತ್ತು ಎನ್ನುವುದು ಬೇರೆ ಮಾತು. ಅವನ ಮಟ್ಟಿಗೆ ಅದು ಹಿರಿಯರ ಕ್ಷೇಮ ಕೇಳುವುದು. ಚಳಿಗಾಲದಲ್ಲಿ ಅಜ್ಜನಿಗೆ ನೆಗಡಿಯಾದೀತೆಂದು ಮೊದಲ ಕೊಡ ಬಿಸಿನೀರನ್ನೇ ಸುರಿಯುತ್ತಿದ್ದ.

ಅಂದು ಧೂಳಪ್ಪನವರ ಮಗಳ ಮದುವೆಯ ಜೋಳ ಬಂದಿತ್ತು. ಹತ್ತು ಚೀಲ. ಗಿರಣಿಯ ಹಿಂದೆ ಮುರಿದ ನೊಗ, ಹರಿದ ಚೀಲ ತುಂಬಿದ ಒಂದು ಖೋಲಿ ಇತ್ತು. ಯಾಕೂಬಸಾಬ ಎಂಟು ತಿಂಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದ. ಅವನು ಗಿರಣಿಯಲ್ಲೇ ಚೀಲ ಹಾಸಿಕೊಂಡು ಮಲಗುವವನು. ಹೆಂಡತಿಯನ್ನು ಇರಿಸಿಕೊಳ್ಳಲು ಜಾಗವಿಲ್ಲದೆ ಮಾಬುಬಿ ಮಸೂತಿ ಎಂಬ ಊರಿನ ತವರಿನಲ್ಲಿ ಕೂತಿದ್ದಳು.

"ಇವತ್ತ ದೀಪಾ ಹಚ್ಚೂದರೊಳಗ ಹತ್ತೂ ಚೀಲಾ ಹಿಟ್ಟಾಗಬೇಕು," ಎಂದಿದ್ದರು ಧೂಳಪ್ಪನವರು. "ಆತಂದ್ರ ಖೋಲಿ ಕೊಟ್ಟೆ. ಆಗಲಿಲ್ಲಂದ್ರ ಬಾಗೇವಾಡಿಯಿಂದ ಬ್ಯಾರೆ ಮನಶ್ಯಾನ್ನ ಕರಸ್ತೇನಿ ನೋಡು."

ಯಾಕೂಬಸಾಬ ನಾಲ್ವರಿಗೆ ಸಲಾಮು ಮಾಡಿ ಪಟ್ಟಾದ ಕಡೆ ಕೈ ಚಾಚಿದ್ದ. ಅಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯ ಶಂಕ್ರೆವ್ವನ ತಲೆ ಎದ್ದಿತು.

"ಯಾಕೂಬಾ! ಖೋಲಿ ಸಿಗತೈತಂತಲ್ಲೋ? ನಮ್ಮ ಸೋಮನಿಂಗನ ಚಕ್ಕಡಿ ಮಸೂತಿಗಿ ಹೊಂಟೈತಿ. ಮಾಬುಬೀನ ಕರಕೊಂಡ ಬಾ ಅಂತ ಹೇಳೇನಿ."

"ಬ್ಯಾಡ ದೊಡ್ಡವ್ವಾ! ಇನ್ನಾ ಒಂದ ಚೀಲಾನೂ ಬೀಸಿಲ್ಲ."

"ಸುಮ್ಮಿರು. ತವರಾಗ ಎಂಟ ತಿಂಗಳ ಕುಂತಾಕಿ ಸಂಕಟ ನಿನಗೇನ ಗೊತ್ತು?"

ಅವನು ಬೀದಿಗೆ ಓಡಿದಾಗ ಎತ್ತಿನ ಚಕ್ಕಡಿ ಊರು ದಾಟಿತ್ತು. ಏದುಸಿರು ಬಿಡುತ್ತ ಬಂದವನು ನೇರವಾಗಿ ಹ್ಯಾಂಡಲ್ ತಿರುವಿದ. ಭಾಬಿಯನ್ನು ಮಾತಾಡಿಸುವುದು ಮರೆತೇಹೋಯಿತು.

ಎರಡನೇ ಚೀಲಕ್ಕೆ ಫಟ್ ಎಂದು ಪಟ್ಟಾ ಕಳಚಿ ಬಿತ್ತು.

"ಭಾಬಿ, ತಪ್ಪಾತ್ರಿ," ಎಂದು ಯಾಕೂಬಸಾಬ ಕಿವಿ ಹಿಡಿದುಕೊಂಡ. "ನಾಕ ಮಂದೀನ ಮಾತಾಡ್ಸಿ ನಿಮ್ಮನ್ನ ಬಿಟ್ಟೆ."

ಬುಟ್ಟಿ ಹಿಡಿದು ಕೂತಿದ್ದ ಹೆಂಗಸರ ಕಿವಿ ನೆಟ್ಟಗಾದವು. ಯಾವ ಭಾಬಿ? ಯಾವ ನಾಲ್ಕು ಮಂದಿ? ಸುಳ್ಳು ಹೇಳಲು ಬಾರದ ಯಾಕೂಬಸಾಬ ಎಲ್ಲವನ್ನೂ ಹೇಳಿದ. ಅರ್ಧ ತಾಸಿನಲ್ಲಿ ಅರ್ಧ ಊರು ಗಿರಣಿಯ ಮುಂದಿತ್ತು.

"ಸಿಟ್ಟಾದ ಹೆಣ್ಣು ಬರೇ ಬಾಯಿ ಮಾತಿಗಿ ಬರತಾಳೇನೋ? ತಲಿಗಿ ಎಣ್ಣಿ ಹಚ್ಚಬೇಕು," ಎಂದವಳೇ ಶಂಕ್ರೆವ್ವ, ಅವನು ಪಟ್ಟಾ ಮತ್ತೆ ಏರಿಸಿ ಆಚೆ ಬೋಲ್ಟು ಬಿಗಿಯುತ್ತಿದ್ದಾಗ ಪಟ್ಟಾದ ಮೇಲೆ ಒಂದು ತಂಬಿಗೆ ಕುಸುಬಿ ಎಣ್ಣೆ ಸುರಿದಳು. ಪಟ್ಟಾ ಕೆಸರಿಗಿಳಿದ ಎಮ್ಮೆಯಂತೆ ಜಾರತೊಡಗಿತು. ಇಂಜಿನ್ ಕೂಗುತ್ತಿತ್ತು, ಕಲ್ಲು ಮಾತ್ರ ಅಲ್ಲಾಡಲಿಲ್ಲ.

ಯಾಕೂಬಸಾಬ ಬೈಯಲಿಲ್ಲ. ಮದುವೆಗೆಂದು ಎತ್ತಿಟ್ಟಿದ್ದ ತನ್ನ ಒಂದೇ ಒಳ್ಳೆಯ ಅಂಗಿಯಿಂದ ಎಣ್ಣೆ ಒರೆಸಿದ. ಧೂಪಕ್ಕೆ ಇಟ್ಟಿದ್ದ ರಾಳವನ್ನು ಪುಡಿಮಾಡಿ ಪಟ್ಟಾಕ್ಕೆ ತಿಕ್ಕಿದ. "ಹೋಗ್ಲಿ ಬಿಡ್ರಿ ಭಾಬಿ, ದೊಡ್ಡವ್ವಾ ಪ್ರೀತೀಲೆ ಹಾಕ್ಯಾಳ." ರಾಳದ ಅಂಟಿಗೆ ಪಟ್ಟಾ ಗಾಲಿಯನ್ನು ಕಚ್ಚಿ ಹಿಡಿಯಿತು. ಕಲ್ಲು ತಿರುಗಿತು. ಜನ ಓ ಎಂದರು.

"ಭಾಬಿಗಿ ಅಷ್ಟ ಮಾಡಿ ಚಾಚಾಗ ಏನೂ ಇಲ್ಲೇನು?" ಎಂದು ಅಂಗಡಿಯ ಮಲಿಕಸಾಬ ಒಂದು ಕಟ್ಟು ಬೀಡಿಯನ್ನು ಹೊಗೆ ಕೊಳವೆಗೆ ತುರುಕಿದ. ಚಾಚಾ ಎರಡು ಸಲ ಕೆಮ್ಮಿದ. ಮೂರನೆಯ ಕೆಮ್ಮಿಗೆ ಬೀಡಿಗಳು ತೋಪಿನ ಗುಂಡಿನಂತೆ ಹಾರಿ, "ಇವೆಲ್ಲಾ ಮೂಢನಂಬಿಕಿ" ಎನ್ನುತ್ತಿದ್ದ ಮಾನಪ್ಪ ಮಾಸ್ತರರ ರುಮಾಲಿನ ಮೇಲೆ ಬಿದ್ದು ಹೊಗೆಯಾಡತೊಡಗಿದವು. ಮಾಸ್ತರರು ರುಮಾಲು ಕಿತ್ತೆಸೆದು, ದನಿ ತಗ್ಗಿಸಿ ಕೇಳಿದರು:

"ಯಾಕೂಬಾ, ಚಾಚಾ ನನ್ನ ಮ್ಯಾಲ ಸಿಟ್ಟಾಗ್ಯಾನೇನೋ?"

"ಇಲ್ರಿ ಮಾಸ್ತರ, ಬೀಡಿ ಅವಗ ಹಿಡಸಂಗಿಲ್ಲ."

ಏಳನೇ ಚೀಲ ಮುಗಿಯುವಾಗ ಇಂಜಿನ್ನಿನ ದನಿ ಬದಲಾಯಿತು. ಯಾಕೂಬಸಾಬ ಅದರ ಮೈಮೇಲೆ ಅಂಗೈ ಇಟ್ಟು ಚೀರಿದ: "ಅಜ್ಜಗ ಜ್ವರಾ ಬಂದಾವ!" ಯಾರೋ ಭಕ್ತಿಯಿಂದ ಚೆಂಡುಹೂವಿನ ಮಾಲೆಗಳನ್ನು ಟಾಕಿಗೆ ಹಾಕಿದ್ದರು, ನೀರಿನ ಕೊಳವೆ ಕಟ್ಟಿಕೊಂಡಿತ್ತು. ಇಂಜಿನ್ ನಿಲ್ಲಿಸಿ, ಕುದಿಯುವಂಥ ನೀರಿಗೆ ಮೊಣಕೈತನಕ ಕೈ ಹಾಕಿ ಹೂವನ್ನೆಲ್ಲ ಎಳೆದು ತೆಗೆದ. ಕೈ ಕೆಂಪಗೆ ಬೆಂದಿತ್ತು. ಆಗ ಮಾನಪ್ಪ ಮಾಸ್ತರರು ಅರ್ಧ ಸುಟ್ಟ ತಮ್ಮ ರುಮಾಲನ್ನು ತಣ್ಣೀರಲ್ಲಿ ಅದ್ದಿ ಅವನ ಕೈಗೆ ಸುತ್ತಿದರು. ಹೆಂಗಸರು ಬಾವಿಯಿಂದ ಗಿರಣಿಯವರೆಗೆ ಸಾಲು ನಿಂತು ಕೊಡದಿಂದ ಕೊಡಕ್ಕೆ ತಣ್ಣೀರು ಸಾಗಿಸಿದರು. ಅಜ್ಜನ ಜ್ವರ ಇಳಿಯಿತು. ಒಂದೇ ಕೈಯಲ್ಲಿ ಹ್ಯಾಂಡಲ್ ತಿರುವುವಾಗ ಯಾಕೂಬಸಾಬ ಆ ಐದು ಮಂದಿಗೆ ಹೇಳಿದ್ದು ಇಷ್ಟೇ: "ಇನ್ನ ಮೂರ ಚೀಲಾ. ನಾ ಅದೇನಿ, ನೀವೂ ಇರ್ರಿ."

ಅವರು ಇದ್ದರು. ಹೊತ್ತು ಮುಳುಗಿ ಯಾರ ಮನೆಯಲ್ಲೂ ದೀಪ ಹಚ್ಚುವ ಮೊದಲೇ ಹತ್ತನೇ ಚೀಲದ ಬಾಯಿ ಹೊಲಿದಾಯಿತು.

ಧೂಳಪ್ಪನವರು ಬಂದು ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಶಬ್ಬಾಸ್! ಹೆಂಗ ಮಾಡಿದ್ಯೋ?"

"ನಾ ಮಾಡೇನ್ರಿ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾಕೂಬಸಾಬ ತಲೆ ತಗ್ಗಿಸಿದ. "ನಂದೇನಿಲ್ರಿ ಧಣ್ಯಾರ. ಆ ಐದು ಮಂದಿ ಮಾಡಿದ್ರು."

"ಖರೇನ್ರಿ! ನಾವ ಕಣ್ಣಾರೆ ನೋಡೇವಿ!" ಎಂದರು ಜನ. ಮಾನಪ್ಪ ಮಾಸ್ತರರು ಬೋಳು ತಲೆಯನ್ನೇ ಸಾಕ್ಷಿಯಾಗಿ ತೋರಿಸಿದರು.

ಧೂಳಪ್ಪನವರು ಕೆರವು ಬಿಟ್ಟು ಕೈಮುಗಿದರು. ಕಣ್ಣು ಒದ್ದೆಯಾದವು. "ಇಷ್ಟ ದುಡಿಯೋ ಮಂದೀನ ಎರಡ ವರ್ಷ ಈ ಎಣ್ಣಿ ಹೊಗ್ಯಾಗ ಇಟ್ಟೇನಲ್ಲೋ! ನಾ ಆಡಿದ ಮಾತಿಗಿ ತಪ್ಪಾಂವಲ್ಲ. ಯಾರು ಬೀಸ್ಯಾರೋ ಅವರಿಗೇ ಖೋಲಿ!"

ಮದುವೆ ಮನೆಯ ಆಳುಗಳು ಓಡಿ ಬಂದರು. ನೊಗಗಳು ಹೊರಬಿದ್ದವು, ನೆಲ ಸಾರಿಸಿದ್ದಾಯಿತು, ಶಂಕ್ರೆವ್ವ ರಂಗೋಲಿ ಹಾಕಿದಳು. ಒಳಗೆ ಐದು ಚೌಕಿ, ಐದು ಲೋಡು, ಐದು ದೀಪ. ಯಾಕೂಬಸಾಬ ಒಂದು ಸಲ ಬಾಯಿ ತೆರೆದ. ಆದರೆ ಎರಡು ವರ್ಷ ಜೊತೆಗೆ ದುಡಿದವರ ಎದುರಿನಲ್ಲೇ, ಇವರಿಗೆ ಬೇಡ, ನನಗೆ ಕೊಡಿ ಎಂದು ಹೇಗೆ ಹೇಳುವುದು? ಮುಚ್ಚಿಕೊಂಡ.

ಆಗಲೇ ಸೋಮನಿಂಗನ ಚಕ್ಕಡಿ ಬಂದು ನಿಂತಿತು. ಟ್ರಂಕಿನ ಮೇಲೆ ಕೈಯಿಟ್ಟು ಮಾಬುಬಿ ಇಳಿದಳು. ಬೆಳಗುತ್ತಿದ್ದ ಖೋಲಿ ನೋಡಿ ಅವಳ ಮುಖವೂ ಬೆಳಗಿತು.

"ಏನ್ರೀ, ನಮಗಂತನ ಇಷ್ಟ ಛಂದ ಮಾಡಿಸ್ಯಾರೇನು?"

ಯಾಕೂಬಸಾಬ ತನ್ನ ಕಾಲ ಬೆರಳುಗಳನ್ನು ನೋಡುತ್ತಿದ್ದ. ಧೂಳಪ್ಪನವರೇ ಮುಂದೆ ಬಂದರು.

"ಬಾ ತಂಗಿ, ನಿನ್ನ ಗಂಡ ಪುಣ್ಯವಂತ. ದಿನಾ ಈ ಖೋಲಿ ಕಸಾ ಹೊಡದು ದೀಪಾ ಹಚ್ಚೂ ಸೇವಾ ಅವಂಗ ಕೊಟ್ಟೇನಿ. ಒಳಗ ಮಾತ್ರ ಮಲಗಬ್ಯಾಡ್ರಿ. ಐದು ಮಂದಿಗಿ ಇಕ್ಕಟ್ಟಾಗತೈತಿ."

ಮಾಬುಬಿ ಐದು ಲೋಡುಗಳನ್ನು ನೋಡಿದಳು. ಗಂಡನ ಕೈಗೆ ಸುತ್ತಿದ ಸುಟ್ಟ ರುಮಾಲನ್ನು ನೋಡಿದಳು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಹೊಸ್ತಿಲಿಗೆ ಒಂದು ಸಲಾಮು ಮಾಡಿದಳು. ಆಮೇಲೆ ಚಕ್ಕಡಿಯ ಕಡೆ ತಿರುಗಿ ಮೆಲ್ಲಗೆ ಕರೆದಳು:

"ಸೋಮನಿಂಗಣ್ಣಾ, ಎತ್ತು ಬಿಚ್ಚಬ್ಯಾಡ."